ಪತ್ತಮಡೈ ಚಾಪೆ: ಹುಲ್ಲಿಗೆ ಬಂದ ರೇಷ್ಮೆಯ ನುಣುಪು

ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಪತ್ತಮಡೈ ಚಾಪೆಯನ್ನು ಬಟ್ಟೆಯಂತೆ ಮಡಚಿಡಬಹುದು. ಮೊದಲ ಸಲ ಕೈಯಲ್ಲಿ ಹಿಡಿದವರಿಗೆ ಇದು ಹುಲ್ಲು ಎಂದರೆ ನಂಬಿಕೆಯೇ ಬಾರದು. ಅಲ್ಲಿನವರು ಅತ್ಯಂತ ನವಿರಾದುದನ್ನು ‘ಪಟ್ಟು ಪಾಯ್’, ಅಂದರೆ ರೇಷ್ಮೆ ಚಾಪೆ ಎನ್ನುತ್ತಾರೆ. ಅದರಲ್ಲಿ ರೇಷ್ಮೆಯ ಎಳೆ ಇರಲೇಬೇಕೆಂದಿಲ್ಲ. ಹಾಸು ಹತ್ತಿ ನೂಲು, ಹೊಕ್ಕು ಕೋರೈ ಹುಲ್ಲು.

ಕೋರೈ ನಮ್ಮ ಜೇಕಿನ ಕುಲದ ಸಸ್ಯ. ತಾಮ್ರಪರ್ಣಿ ನದಿಯ ದಡದಲ್ಲಿ, ಕಾಲುವೆಗಳ ಬದಿಯಲ್ಲಿ ಬೆಳೆಯುತ್ತದೆ. ಪತ್ತಮಡೈಯನ್ನು ಬಳಸಿ ಹರಿಯುವ ಕಾಲುವೆಯ ಹೆಸರು ಕನ್ನಡಿಯನ್. ಕನ್ನಡಿಗನೊಬ್ಬ ತೋಡಿಸಿದ್ದೆಂದು ಸ್ಥಳಪುರಾಣ.

ಚಾಪೆಯ ನುಣುಪಿಗೆ ಮಗ್ಗಕ್ಕಿಂತ ನೀರೇ ಹೆಚ್ಚು ಕಾರಣ. ಹಸಿ ಕಡ್ಡಿಯನ್ನು ಕೊಯ್ದು, ಸೀಳಿ, ಒಳಗಿನ ತಿರುಳು ತೆಗೆದು ಒಣಗಿಸುತ್ತಾರೆ. ಆಮೇಲೆ ಕಟ್ಟು ಕಟ್ಟಿ ಹರಿಯುವ ನೀರಿನಲ್ಲಿ ಮುಳುಗಿಸಿಡುತ್ತಾರೆ. ಒರಟು ಚಾಪೆಗಾದರೆ ನೆನೆಸುವ ಕೆಲಸ ಬೇಗ ಮುಗಿಯುತ್ತದೆ. ನವಿರು ಚಾಪೆಯ ಹುಲ್ಲು ದಿನಗಟ್ಟಲೆ ನೀರಲ್ಲೇ ಇರಬೇಕು. ಉಬ್ಬಿ ಮೆತ್ತಗಾದ ಕಡ್ಡಿಯನ್ನು ಬಿಸಿಲಿಗೆ ಹಾಕಿ, ಮತ್ತೆ ಎಳೆ ಎಳೆಯಾಗಿ ಸೀಳುತ್ತಾರೆ. ಹೆಚ್ಚು ನೆನೆದರೆ ಹುಲ್ಲು ಕೊಳೆತು ಕಪ್ಪಾಗುತ್ತದೆ, ಕಡಿಮೆಯಾದರೆ ಸೀಳುವಾಗ ಮುರಿಯುತ್ತದೆ. ಈ ಹದವನ್ನು ಗಡಿಯಾರ ಹೇಳಿಕೊಡದು, ಬೆರಳಿಗೇ ಗೊತ್ತಾಗಬೇಕು. ಕಸುಬಿನ ಅಸಲಿ ಪಾಂಡಿತ್ಯ ಇಲ್ಲಿಯೇ ಇದ್ದರೂ ಮೆಚ್ಚುಗೆಯೆಲ್ಲ ಮಗ್ಗದ ಪಾಲಾಗುತ್ತದೆ.

ಮಗ್ಗವೋ ತೀರಾ ಸರಳ. ನೆಲಕ್ಕೆ ಬಡಿದ ಗೂಟಗಳಿಗೆ ಎರಡು ಬಿದಿರ ಬೊಂಬು ಕಟ್ಟಿ, ನಡುವೆ ಹಾಸು ಎಳೆದಿರುತ್ತಾರೆ. ತೂತುಗಳಿರುವ ಮರದ ಅಚ್ಚಿನ ಮೂಲಕ ನೂಲು ಹಾದುಹೋಗುತ್ತದೆ. ನೇಯುವಾಕೆ ನೆಯ್ದ ಭಾಗದ ಮೇಲೆಯೇ ಕೂತು ಮುಂದೆ ಮುಂದೆ ಸರಿಯುತ್ತಾಳೆ. ಉದ್ದನೆಯ ಕಡ್ಡಿಯ ತುದಿಗೆ ಒದ್ದೆ ಎಳೆಯನ್ನು ಸಿಕ್ಕಿಸಿ ಹಾಸಿನೊಳಗೆ ತೂರಿಸುವುದು, ಅಚ್ಚಿನಿಂದ ಬಡಿದು ಕೂಡಿಸುವುದು, ಅಂಚಿನ ತುದಿಗಳನ್ನು ಕೈಯಲ್ಲೇ ಹೊಸೆದು ಒಳಮಡಚುವುದು: ಪ್ರತಿ ಎಳೆಗೂ ಇಷ್ಟೂ ಆಗಬೇಕು. ನವಿರನ್ನು ಕೌಂಟ್‌ನಲ್ಲಿ, ಅಂದರೆ ಎಳೆಗಳ ದಟ್ಟಣೆಯ ಲೆಕ್ಕದಲ್ಲಿ, ಅಳೆಯುತ್ತಾರೆ. 100 ದಾಟಿದರೆ ಉತ್ಕೃಷ್ಟ, 140ರವರೆಗೂ ನೇಯುವುದುಂಟು. ಅಂಥ ಒಂದು ಚಾಪೆಗೆ ವಾರಗಟ್ಟಲೆ ಹಿಡಿಯುತ್ತದೆ.

ಈ ಕಸುಬು ಲಬ್ಬೈ ಮುಸ್ಲಿಂ ಕುಟುಂಬಗಳದ್ದು. ನೇಯುವವರಲ್ಲಿ ಹೆಂಗಸರೇ ಹೆಚ್ಚು. ಮದುವೆ ಚಾಪೆಯಲ್ಲಿ ವಧೂವರರ ಹೆಸರನ್ನು ನೆಯ್ದುಕೊಡುವ ವಾಡಿಕೆಯಿದೆ. 1953ರಲ್ಲಿ ರಾಣಿ ಎರಡನೇ ಎಲಿಜಬೆತ್‌ರ ಪಟ್ಟಾಭಿಷೇಕಕ್ಕೂ ಇಲ್ಲಿಂದ ಚಾಪೆ ಹೋಗಿತ್ತು. ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಮಾನ್ಯತೆ ಬಂದಷ್ಟು ಸುಲಭವಾಗಿ ಕೂಲಿ ಗಿಟ್ಟುವುದಿಲ್ಲ. ಪ್ಲಾಸ್ಟಿಕ್ ಚಾಪೆ ಅಗ್ಗ. ಒರಟು ಕೋರೈ ಚಾಪೆಯನ್ನು ವಿದ್ಯುತ್ ಮಗ್ಗವೂ ನೇಯುತ್ತದೆ. ಹಾಗಾಗಿ ಹಲವರು ಬ್ಯಾಗು, ಊಟದ ಮೇಜಿನ ಹಾಸುಗಳತ್ತ ಹೊರಳಿದ್ದಾರೆ. ಇವಕ್ಕೆಲ್ಲ ಮಧ್ಯಮ ದರ್ಜೆಯ ನೇಯ್ಗೆಯೇ ಸಾಕು. ನೂರರ ಮೇಲಿನ ಕೌಂಟ್ ಬೇಕೆಂದವರು ಮುಂಗಡ ಕೊಟ್ಟು ಕಾಯಬೇಕು.