ಸುಂಕದ ಗೋಡೆ ಬಿದ್ದ ಮೇಲೆ

ದೇಶ ದೇಶಗಳ ನಡುವಿನ ಸುಂಕವನ್ನು ತೆಗೆದುಹಾಕಿದರೆ ಅವುಗಳ ಮಾರುಕಟ್ಟೆ ತಾನಾಗಿಯೇ ಒಂದಾಗುತ್ತದೆಯೇ? ಮೇಲ್ನೋಟಕ್ಕೆ ಹೌದೆನಿಸುತ್ತದೆ. ಆದರೆ ಸರ್ಕಾರಗಳು ಕೆಡವಿದ ಗೋಡೆಯನ್ನು ಕಂಪನಿಗಳು ತಮ್ಮೊಳಗಿನ ಕರಾರಿನಿಂದ ಮತ್ತೆ ಕಟ್ಟಬಲ್ಲವು. ಯುರೋಪಿನ ಏಕೀಕರಣದಲ್ಲಿ ಸ್ಪರ್ಧಾ ನೀತಿಗೆ ಮಹತ್ವ ಬಂದುದು ಇದರಿಂದಲೇ.

1957ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ರೋಮ್ ಒಪ್ಪಂದಕ್ಕೆ ಸಹಿ ಹಾಕಿದವು. ಅದರ 85ನೆಯ ವಿಧಿಯು ಸ್ಪರ್ಧೆಯನ್ನು ಕುಗ್ಗಿಸುವ ಕರಾರುಗಳನ್ನೂ, 86ನೆಯ ವಿಧಿಯು ಮಾರುಕಟ್ಟೆಯಲ್ಲಿನ ಪ್ರಬಲ ಸ್ಥಾನದ ದುರುಪಯೋಗವನ್ನೂ ನಿಷೇಧಿಸಿದವು. ಇಂದು ಇವು 101 ಮತ್ತು 102ನೆಯ ವಿಧಿಗಳಾಗಿವೆ.

ಒಂದು ಪ್ರಸಿದ್ಧ ಮೊಕದ್ದಮೆಯನ್ನು ನೋಡೋಣ. ರೇಡಿಯೋ, ಟೇಪ್ ರೆಕಾರ್ಡರ್ ತಯಾರಿಸುತ್ತಿದ್ದ ಜರ್ಮನಿಯ ಗ್ರುಂಡಿಗ್ ಕಂಪನಿ, ಫ್ರಾನ್ಸಿನಲ್ಲಿ ತನ್ನ ಮಾಲನ್ನು ಮಾರುವ ಹಕ್ಕನ್ನು ಕಾನ್‌ಸ್ಟೆನ್ ಎಂಬ ಸಂಸ್ಥೆಯೊಂದಕ್ಕೇ ಕೊಟ್ಟಿತು. ಬೇರೆ ದೇಶಗಳ ಗ್ರುಂಡಿಗ್ ವ್ಯಾಪಾರಿಗಳು ಫ್ರಾನ್ಸಿಗೆ ಮಾಲು ಕಳುಹಿಸುವಂತಿರಲಿಲ್ಲ. ಆದರೂ ಪ್ಯಾರಿಸ್ಸಿನ ಯುನೆಫ್ ಎಂಬ ಸಂಸ್ಥೆ 1961ರಿಂದ ಜರ್ಮನಿಯ ವ್ಯಾಪಾರಿಗಳಿಂದಲೇ ಮಾಲು ಕೊಂಡು, ಫ್ರಾನ್ಸಿನಲ್ಲಿ ಅಗ್ಗವಾಗಿ ಮಾರತೊಡಗಿತು. ಕಾನ್‌ಸ್ಟೆನ್ ನ್ಯಾಯಾಲಯದ ಮೆಟ್ಟಿಲೇರಿತು. ಯುನೆಫ್ ಯುರೋಪಿಯನ್ ಆಯೋಗಕ್ಕೆ ದೂರಿತ್ತಿತು.

ಕಾನ್‌ಸ್ಟೆನ್‌ನ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಜಾಹೀರಾತು, ರಿಪೇರಿ, ಬಿಡಿಭಾಗಗಳ ಖರ್ಚು ಅದರದು. ಆ ಖರ್ಚಿಲ್ಲದವರು ಕಡಿಮೆ ಬೆಲೆಗೆ ಮಾರುವುದು ಸುಲಭವಲ್ಲವೇ? ಆದರೆ ಒಂದೇ ಮಾರುಕಟ್ಟೆಯ ಹಾದಿಯಲ್ಲಿದ್ದ ಎರಡು ದೇಶಗಳ ನಡುವೆ ಒಂದೇ ರೇಡಿಯೋಗೆ ಬೇರೆ ಬೇರೆ ಬೆಲೆ ಉಳಿಯಲು ಆ ಕರಾರು ನೆರವಾಗುತ್ತಿತ್ತು. 1964ರಲ್ಲಿ ಆಯೋಗ ಕರಾರನ್ನು ತಳ್ಳಿಹಾಕಿತು. 1966ರ ಜುಲೈನಲ್ಲಿ ಲಕ್ಸೆಂಬರ್ಗಿನ ನ್ಯಾಯಾಲಯ ಆಯೋಗದ ನಿರ್ಧಾರದ ಕೆಲವು ಭಾಗಗಳನ್ನು ರದ್ದುಗೊಳಿಸಿದರೂ ಮುಖ್ಯ ತತ್ತ್ವವನ್ನು ಎತ್ತಿಹಿಡಿಯಿತು: ಒಬ್ಬನೇ ವಿತರಕನನ್ನು ನೇಮಿಸುವುದು ತಾನಾಗಿ ತಪ್ಪಲ್ಲ, ಆತನ ಸುತ್ತ ಯಾರೂ ದಾಟಲಾಗದ ಬೇಲಿ ಹಾಕುವುದು ತಪ್ಪು.

ಕಂಪನಿಗಳ ವಿಲೀನವನ್ನು ಪರಿಶೀಲಿಸುವ ಅಧಿಕಾರವನ್ನು 1989ರ ನಿಯಮ ಆಯೋಗಕ್ಕೆ ನೀಡಿತು. 2019ರಲ್ಲಿ ಸೀಮೆನ್ಸ್ ಹಾಗೂ ಆಲ್‌ಸ್ಟೋಮ್ ಕಂಪನಿಗಳ ರೈಲು ವಿಭಾಗಗಳ ವಿಲೀನವನ್ನು ಅದು ತಡೆಯಿತು. ಚೀನಾದ ಬೃಹತ್ ಕಂಪನಿಯನ್ನು ಎದುರಿಸಲು ಯುರೋಪಿಗೂ ದೊಡ್ಡ ಕಂಪನಿ ಬೇಕೆಂದು ಫ್ರಾನ್ಸ್ ಮತ್ತು ಜರ್ಮನಿ ಸರ್ಕಾರಗಳು ವಾದಿಸಿದ್ದವು. ಸಿಗ್ನಲ್ ವ್ಯವಸ್ಥೆ ಹಾಗೂ ಅತಿವೇಗದ ರೈಲುಗಳನ್ನು ಕೊಳ್ಳುವವರಿಗೆ ಆಯ್ಕೆ ಕುಗ್ಗಿ ಬೆಲೆ ಏರುತ್ತದೆ ಎಂಬುದು ಆಯೋಗದ ಉತ್ತರವಾಗಿತ್ತು.

ಹೊರಗೆ ಗೆಲ್ಲಲು ಒಳಗಿನ ಪೈಪೋಟಿಯನ್ನು ಬಿಟ್ಟುಕೊಡಬಹುದೇ? ವಿದ್ಯಾರ್ಥಿಗಳು ಚರ್ಚಿಸಬೇಕಾದ ಪ್ರಶ್ನೆಯಿದು.