ರವಿವಾರದ ಸಾಲಿಯ ಪುಟ್ಟ ಮುಂದಾಳುಗಳು

ರವಿವಾರದ ಸಾಲಿಯಲ್ಲಿ ಸಣ್ಣವರ ವರ್ಗದ ಹಾಜರಿ ಪುಸ್ತಕ ಹೆಚ್ಚಾಗಿ ಹನ್ನೊಂದು ಹನ್ನೆರಡು ವರ್ಷದವರ ಕೈಯಲ್ಲಿರುತ್ತದೆ. ಹೆಸರು ಕೂಗಿ ಗುರುತು ಹಾಕಿದರೆ ಕೆಲಸ ಮುಗಿಯಲಿಲ್ಲ. ಹೋದ ವಾರ ಬಾರದವರು ಯಾರು, ಯಾಕೆ ಬರಲಿಲ್ಲ ಎಂದು ವಿಚಾರಿಸಿಕೊಂಡು ಬಂದು ಅಕ್ಕೋರಿಗೆ ಹೇಳಬೇಕು. ಜ್ವರ ಬಂದಿತ್ತೋ, ಅವ್ವನ ಬೆನ್ನು ಹತ್ತಿ ಕಬ್ಬಿನ ಹೊಲಕ್ಕೆ ಹೋಗಿದ್ದನೋ, ಬಾಯಿಪಾಠ ಆಗಿಲ್ಲವೆಂದು ಅಂಜಿ ಮನೆಯಲ್ಲೇ ಕುಳಿತಳೋ, ಪ್ರತಿ ಗೈರುಹಾಜರಿಯ ಹಿಂದೆ ಒಂದು ಮನೆಯ ಸುದ್ದಿ ಇರುತ್ತದೆ. ಅದನ್ನು ತಿಳಿದು ಬರುವ ಹೊಣೆ ಇನ್ನೊಂದು ಮಗುವಿನದು. ಕ್ರೈಸ್ತ ಸಭೆಗಳ ಸಂಡೇ ಸ್ಕೂಲು ಮಕ್ಕಳನ್ನು ಮುಂದಾಳುಗಳಾಗಿ ಬೆಳೆಸುವುದು ಇಂಥ ಸಣ್ಣ ಹೊಣೆಗಳಿಂದಲೇ.

ನಾನು ಹೇಳುತ್ತಿರುವುದು ಗೋಕಾಕ, ಮೂಡಲಗಿ, ಹುಕ್ಕೇರಿಯ ಸಾಲಿಗಳ ಮಾತು. ಇದು ಕಬ್ಬು, ಗೋವಿನಜೋಳದ ಸೀಮೆ. ಗೋಕಾಕಕ್ಕೆ ಕರದಂಟು, ಜಲಪಾತ, ನೂಲಿನ ಗಿರಣಿಯ ಹೆಸರು. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು. ಕೆಲವೇ ವರ್ಷಗಳ ಹಿಂದೆ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದ ಮೂಡಲಗಿಗೆ ಶಿವಬೋಧರಂಗರ ಮಠ. ಈ ಊರುಗಳಿರುವ ಬೆಳಗಾವಿ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಇಷ್ಟು ವಿರಳವಾಗಿರುವ ಸಮುದಾಯದಲ್ಲಿ ದೊಡ್ಡ ಚರ್ಚು, ದೊಡ್ಡ ಸಂಸ್ಥೆ ಎಲ್ಲ ಊರಿಗೂ ಇರುವುದು ಸಾಧ್ಯವಿಲ್ಲ. ಒಂದು ಕೋಣೆ, ಒಂದು ಚಾಪೆ, ಹಾರ್ಮೋನಿಯಂ ಇದ್ದರೆ ಉಂಟು ಇಲ್ಲದಿದ್ದರೆ ಬರೀ ತಾಳ, ಇಷ್ಟರಲ್ಲೇ ಮಕ್ಕಳ ಸಾಲಿ ನಡೆಯಬಲ್ಲದು. ಹಾಗೆ ನಡೆಯಬಲ್ಲದು ಎಂಬುದೇ ಈ ಪದ್ಧತಿಯ ದೊಡ್ಡ ಶಕ್ತಿ ಎಂದು ನನಗೆ ಅನಿಸುತ್ತದೆ.

ಕಲಿಸುವ ಕ್ರಮ ಸರಳ. ಮೊದಲು ಹಾಡು, ಪ್ರಾರ್ಥನೆ, ನಂತರ ವಯಸ್ಸಿಗೆ ತಕ್ಕಂತೆ ವರ್ಗಗಳು. ಸತ್ಯವೇದದ ಒಂದು ಕಥೆ, ಆ ವಾರದ ಒಂದು ಬಾಯಿಪಾಠದ ವಚನ. ದೊಡ್ಡ ವರ್ಗದಲ್ಲಿ ವಚನ ಹುಡುಕುವ ಪಂದ್ಯ ಇರುತ್ತದೆ. ಎಲ್ಲರೂ ಮುಚ್ಚಿದ ಸತ್ಯವೇದವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಕಾಯುತ್ತಾರೆ. ಕಲಿಸುವವರು ಪುಸ್ತಕ, ಅಧ್ಯಾಯ, ವಚನ ಹೇಳುತ್ತಾರೆ. ‘ಹುಡುಕಿ’ ಎಂದ ಕೂಡಲೇ ಹಾಳೆಗಳು ಸರಸರ ಮಗುಚುತ್ತವೆ. ಮೊದಲು ವಚನ ಸಿಕ್ಕವರು ಎದ್ದು ನಿಂತು ಗಟ್ಟಿಯಾಗಿ ಓದಬೇಕು. 66 ಪುಸ್ತಕಗಳ ಅನುಕ್ರಮ ಬಾಯಲ್ಲಿರದಿದ್ದರೆ ಗೆಲ್ಲಲಾಗದು. ಓದು ತಡವರಿಸಿದರೆ ಯಾರೂ ನಗಕೂಡದು ಎಂಬುದು ಆ ಪಂದ್ಯದ ಇನ್ನೊಂದು ನಿಯಮ. ಕನ್ನಡ ಸಾಲಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ತಲೆ ತಗ್ಗಿಸುವ ಮಗುವಿಗೆ ಜನರ ಎದುರು ಗಂಟಲು ಬಿಚ್ಚುವ ಮೊದಲ ಅವಕಾಶ ಹಲವು ಸಲ ಇಲ್ಲಿಯೇ ಸಿಗುತ್ತದೆ.

ಆಮೇಲೆ ಪ್ರಾರ್ಥನೆಯ ಸರದಿ. ಹತ್ತು ವರ್ಷದ ಹುಡುಗ ಹತ್ತು ಜನರ ಎದುರು ಕಣ್ಣು ಮುಚ್ಚಿ, ತನ್ನ ಮಾತಿನಲ್ಲಿ, ಕಾಯಿಲೆ ಬಿದ್ದ ಅಜ್ಜಿಗಾಗಿ, ಬಾರದ ಮಳೆಗಾಗಿ, ಪರೀಕ್ಷೆಗೆ ಕುಳಿತ ಅಕ್ಕನಿಗಾಗಿ ಬೇಡಿಕೊಳ್ಳುತ್ತಾನೆ. ಬರೆದುಕೊಟ್ಟದ್ದನ್ನು ಒಪ್ಪಿಸುವ ಭಾಷಣ ಅದಲ್ಲ. ಯಾರಿಗೆ ಏನು ಬೇಕಾಗಿದೆ ಎಂಬುದನ್ನು ನೆನಪಿಟ್ಟು ಅವರ ಪರವಾಗಿ ಮಾತಾಡುವ ಅಭ್ಯಾಸ. ಮುಂದಾಳಿಗೆ ಬೇಕಾದ ಗುಣ ಇದಕ್ಕಿಂತ ಹೆಚ್ಚಿನದು ಯಾವುದಿದೆ?

ಕಥೆಗಳ ಆಯ್ಕೆಯಲ್ಲಿ ಈ ಸಾಲಿಯ ನಿಲುವು ಕಾಣುತ್ತದೆ. ಗೊಲ್ಯಾತನನ್ನು ಕವಣೆಯಿಂದ ಕೆಡವಿದ ದಾವೀದ ಎಲ್ಲರಿಗೂ ಗೊತ್ತು. ಕುರಿ ಹಿಂಡುಗಳನ್ನು ನೋಡಿ ಬೆಳೆದ ಈ ಭಾಗದ ಮಕ್ಕಳಿಗೆ ಕುರುಬ ಹುಡುಗ ಅರಸನಾದ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಅದಕ್ಕಿಂತ ಪ್ರಿಯವಾದದ್ದು ಅರಸುಗಳು ಎರಡನೆಯ ಪುಸ್ತಕದ ಐದನೆಯ ಅಧ್ಯಾಯದಲ್ಲಿ ಬರುವ ಹುಡುಗಿಯ ಕಥೆ. ಅರಾಮ್ ದೇಶದ ಸೇನಾಪತಿ ನಾಮಾನನ ಮನೆಯಲ್ಲಿ ಅವಳು ಆಳು. ದಾಳಿಯಲ್ಲಿ ಸೆರೆಹಿಡಿದು ತಂದ ಇಸ್ರಾಯೇಲಿನ ಮಗು. ಸತ್ಯವೇದ ಅವಳ ಹೆಸರನ್ನೂ ಹೇಳುವುದಿಲ್ಲ. ಸೇನಾಪತಿಗೆ ಕುಷ್ಠ. ತನ್ನನ್ನು ಸೆರೆ ತಂದವರ ಮನೆಯ ಸಂಕಟ ತನಗೇಕೆ ಎಂದು ಅವಳು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ಸಮಾರ್ಯದಲ್ಲಿರುವ ಪ್ರವಾದಿಯ ಬಳಿ ಹೋದರೆ ಧಣಿಗೆ ವಾಸಿಯಾದೀತು ಎಂದು ಒಡತಿಗೆ ಹೇಳಿದಳು. ಆ ಒಂದು ಮಾತಿನ ಮೇಲೆ ಸೇನಾಪತಿ ರಥ ಹೂಡಿ ಹೊರಟ, ಆ ಪ್ರವಾದಿ ಎಲೀಷನ ಮಾತಿನಂತೆ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಎದ್ದ, ವಾಸಿಯಾದ. ಅಧಿಕಾರವಿಲ್ಲ, ಆಸ್ತಿಯಿಲ್ಲ, ಸ್ವಾತಂತ್ರ್ಯವೂ ಇಲ್ಲ. ಆದರೂ ಆ ಮನೆಗೆ ದಾರಿ ತೋರಿದವಳು ಅವಳೇ. ಹೊಲ ಮನೆ ಇಲ್ಲದ ಕುಟುಂಬದ ಮಗುವಿಗೆ ನಾಯಕತ್ವದ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ.

ಸತ್ಯವೇದದ ನೆಹೆಮೀಯನ ಪುಸ್ತಕದ ಕಥೆಯೂ ಇಲ್ಲಿನ ಮಕ್ಕಳಿಗೆ ಹತ್ತಿರದ್ದು. ಹಾಳುಬಿದ್ದ ಯೆರೂಸಲೇಮಿನ ಗೋಡೆಯನ್ನು ಅವನು ಒಬ್ಬನೇ ಕಟ್ಟಲಿಲ್ಲ. ಅನೇಕರಿಗೆ ಅವರವರ ಮನೆಯ ಎದುರಿನ ಪಾಲನ್ನೇ ಹಂಚಿಕೊಟ್ಟ. ಅಕ್ಕಸಾಲಿಗರು, ಸುಗಂಧ ತೈಲ ಮಾಡುವವರು, ಒಬ್ಬ ಅಧಿಕಾರಿಯ ಹೆಣ್ಣುಮಕ್ಕಳು ಕೂಡ ಕಲ್ಲು ಹೊತ್ತರು ಎಂದು ಆ ಪುಸ್ತಕದ ಮೂರನೆಯ ಅಧ್ಯಾಯ ಹೆಸರು ಹಿಡಿದು ಲೆಕ್ಕ ಕೊಡುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನುಗ್ಗಿದ್ದನ್ನು ಕಂಡ ಮಕ್ಕಳು ಈಗ ದೊಡ್ಡ ವರ್ಗದ ವಯಸ್ಸಿನವರು. ಬಿದ್ದ ಗೋಡೆ ಎಂದರೇನು, ಕೆಸರು ಬಳಿದ ಮನೆಯನ್ನು ನಾಲ್ಕು ಜನ ಸೇರಿ ತೊಳೆಯುವುದೆಂದರೇನು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಪಾಠಗಳಿಗೆಲ್ಲ ಬುಡ ಎಂದರೆ ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯ. ಗುರುವೇ ನಡುವಿಗೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ರಾತ್ರಿಯ ಕಥೆ ಅದು. ಮೊದಲಿಗನಾಗಬೇಕಾದವನು ಎಲ್ಲರ ಆಳಾಗಬೇಕು ಎಂಬ ಯೇಸುವಿನ ಮಾತಿಗೆ ಮಕ್ಕಳ ಮಟ್ಟದಲ್ಲಿ ಸಿಗುವ ಅರ್ಥ ಇಷ್ಟೇ: ಚಾಪೆ ಹಾಸುವವನೂ ಆಮೇಲೆ ಸುತ್ತಿಡುವವನೂ ವರ್ಗದ ಮುಖಂಡನೇ.

ರವಿವಾರದ ಸಾಲಿಯ ಹುಟ್ಟು ಗಿರಣಿಗಳ ಕಾಲದ್ದು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ಪತ್ರಿಕಾ ಸಂಪಾದಕ ರಾಬರ್ಟ್ ರೇಕ್ಸ್, ವಾರವಿಡೀ ಗುಂಡುಸೂಜಿ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳಿಗೆ ಅವರ ಒಂದೇ ಬಿಡುವಿನ ದಿನ ಓದು ಕಲಿಸುವ ವ್ಯವಸ್ಥೆ ಮಾಡಿದರು. ಅದಕ್ಕೂ ಮೊದಲೇ, 1769ರಲ್ಲಿ, ಹನ್ನಾ ಬಾಲ್ ಎಂಬ ಮೆಥಡಿಸ್ಟ್ ಪಂಗಡದ ಹೆಣ್ಣುಮಗಳು ಹೈ ವಿಕಂಬ್‌ನಲ್ಲಿ ಇಂಥ ಸಾಲಿ ತೆರೆದಿದ್ದರು. ನಮ್ಮ ಕಡೆ ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ತಿರುಗತೊಡಗಿದ್ದು 1887ರಲ್ಲಿ. ಆಗ ಜಾರಿಯಲ್ಲಿದ್ದ 1881ರ ಕಾರ್ಖಾನೆ ಕಾಯಿದೆ ಏಳು ವರ್ಷದ ಮಗುವನ್ನೂ ದಿನಕ್ಕೆ ಒಂಬತ್ತು ತಾಸು ದುಡಿಸಲು ಅವಕಾಶ ಕೊಟ್ಟಿತ್ತು. 1891ರ ತಿದ್ದುಪಡಿ ಕನಿಷ್ಠ ವಯಸ್ಸನ್ನು ಒಂಬತ್ತಕ್ಕೆ, ದುಡಿಮೆಯನ್ನು ಏಳು ತಾಸಿಗೆ ತಂದಿತು. ಮಗುವಿಗೆ ವಾರದಲ್ಲಿ ಒಂದು ದಿನ, ಆ ದಿನ ಒಂದು ಪುಸ್ತಕ ಎಂಬುದು ಆ ಕಾಲದಲ್ಲಿ ಎಷ್ಟು ದೊಡ್ಡ ಮಾತಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ದೊಡ್ಡ ಮಗು ಸಣ್ಣ ಮಗುವಿಗೆ ಕಲಿಸುವ ಪದ್ಧತಿಯ ಬೇರು ಮಾತ್ರ ನಮ್ಮ ದೇಶದ್ದೇ. ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಆಶ್ರಮ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ಅಲ್ಲಿನ ಹಳ್ಳಿ ಸಾಲಿಯೊಂದರಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡರು. ತಮ್ಮಲ್ಲೂ ಹಾಗೆಯೇ ಕಲಿಸಿ ಎಂದಾಗ ಮಾಸ್ತರರು ಒಪ್ಪಲಿಲ್ಲ. ಆಗ ಅವರು ಆ ಕೆಲಸವನ್ನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಒಪ್ಪಿಸಿದರು. ಹುಡುಗ ನಿಭಾಯಿಸಿದ. 1797ರಲ್ಲಿ ಬೆಲ್ ಇದನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಮೇಲೆ ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದಲೇ ಅದು ಇಂಗ್ಲೆಂಡಿನ ಬಡವರ ಸಾಲಿಗಳಿಗೆ ಹರಡಿತು. ನಮ್ಮ ಗಾವಠಿ ಸಾಲಿಗಳಲ್ಲೂ ಹಿರಿಯ ವಿದ್ಯಾರ್ಥಿ ಕಿರಿಯರಿಗೆ ಮಗ್ಗಿ ಹೇಳಿಕೊಡುತ್ತಿದ್ದ. ರವಿವಾರದ ಸಾಲಿಯಲ್ಲಿ ಇಂದು ಹದಿಮೂರರ ಹುಡುಗಿ ಆರರ ಮಗುವಿಗೆ ವಚನ ಹೇಳಿಕೊಡುವಾಗ ಅದು ಪರದೇಶದ ಪದ್ಧತಿ ಎಂದು ಯಾರೂ ಭಾವಿಸಬೇಕಾಗಿಲ್ಲ.

ಬೆಳಗಾವಿ ಸೀಮೆಗೆ ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಬಂದದ್ದು 1820ರಲ್ಲಿ, ಬಳ್ಳಾರಿಯಿಂದ ಬಂದ ಜೋಸೆಫ್ ಟೇಲರ್ ಮೂಲಕ. ನಂತರ ಜೊತೆಗೂಡಿದ ವಿಲಿಯಂ ಬೆನನ್ ಅವರ ಹೆಸರು ಬೆಳಗಾವಿಯ ಬೆನನ್ ಸ್ಮಿತ್ ಹೈಸ್ಕೂಲಿನಲ್ಲಿ ಉಳಿದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕೆಲಸ ಮೆಥಡಿಸ್ಟರ ಕೈಗೆ ಬಂತು. ಮೆಥಡಿಸ್ಟರಿಗೆ ಸಾಮಾನ್ಯರಲ್ಲಿ ಮುಂದಾಳು ಹುಡುಕುವುದು ಮೊದಲಿನಿಂದಲೂ ರೂಢಿ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ತಮ್ಮ ಸಭಾಗೃಹದ ಸಾಲ ತೀರಿಸಲು ಹನ್ನೆರಡು ಜನಕ್ಕೊಬ್ಬ ಮುಂದಾಳನ್ನು ನೇಮಿಸಿ, ತಲೆಗೆ ವಾರಕ್ಕೊಂದು ಪೆನ್ನಿ ಕೂಡಿಸಲು ಹಚ್ಚಿದರು. ಹಣ ಕೇಳಲು ಮನೆಮನೆಗೆ ಹೋದವರು ಮನೆಮನೆಯ ಕಷ್ಟ ತಿಳಿದು ಬಂದರು. ಸಂಸ್ಥಾಪಕ ಜಾನ್ ವೆಸ್ಲಿ ಆ ವ್ಯವಸ್ಥೆಯನ್ನೇ ಇಡೀ ಚಳವಳಿಯ ಬೆನ್ನೆಲುಬು ಮಾಡಿಕೊಂಡರು. ಅವರ ತಾಯಿ ಸುಸನ್ನಾ ವೆಸ್ಲಿ ಮನೆಯಲ್ಲಿ ಮಕ್ಕಳಿಗೆ ವಾರದ ಒಂದೊಂದು ಸಂಜೆ ಹಂಚಿಕೊಟ್ಟಿದ್ದರು, ಜಾನ್‌ಗೆ ಗುರುವಾರ. ಆ ಸಂಜೆ ಅವ್ವ ಆ ಒಂದು ಮಗುವಿನ ಜೊತೆ ಮಾತ್ರ ಕುಳಿತು ಮಾತಾಡುತ್ತಿದ್ದಳು. ಮೂವತ್ತು ಮಕ್ಕಳ ನಡುವೆ ಒಬ್ಬೊಬ್ಬರನ್ನೂ ಗುರುತಿಸಬೇಕೆನ್ನುವ ಸಂಡೇ ಸ್ಕೂಲಿನ ಶಿಕ್ಷಕಿಗೆ ಇದಕ್ಕಿಂತ ಬೇರೆ ಮಾದರಿ ಬೇಡ.

ಇಂಥ ಶಿಕ್ಷಣದಿಂದ ಬೆಳೆದವರು ತಮ್ಮ ಸಭೆಗಷ್ಟೇ ಮುಂದಾಳುಗಳಾಗಿ ಉಳಿದರೆ ಸಾಲದು. ಈ ಮಾತಿಗೆ ನಮ್ಮ ಉತ್ತರ ಕರ್ನಾಟಕದಲ್ಲೇ ಒಬ್ಬ ಸಾಕ್ಷಿ ಇದ್ದಾರೆ. ರೆವರೆಂಡ್ ಉತ್ತಂಗಿ ಚನ್ನಪ್ಪ, 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ನೆರಳಲ್ಲಿ ಓದಿ, ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ತರಬೇತಾಗಿ ಸಭಾಪಾಲಕರಾದರು. ಪಾದ್ರಿಯಾಗಿದ್ದುಕೊಂಡೇ ಊರೂರು ತಿರುಗಿ ಜನರ ಬಾಯಲ್ಲಿದ್ದ, ಓಲೆಗಳಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಶರಣರ ವಚನಗಳ ಮೇಲೂ ಅವರ ಶ್ರಮ ದೊಡ್ಡದು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತನ್ನ ನಂಬಿಕೆಯಲ್ಲಿ ಗಟ್ಟಿಯಾಗಿ ನಿಂತವನು ಇನ್ನೊಬ್ಬರ ಪರಂಪರೆಯ ಮುಂದೆ ಅಷ್ಟೇ ಪ್ರೀತಿಯಿಂದ ಬಾಗಬಲ್ಲ ಎಂಬುದಕ್ಕೆ ಅವರ ಬದುಕು ಉದಾಹರಣೆ. ಶರಣರ, ಮಠಗಳ, ಉರುಸುಗಳ ಈ ಸೀಮೆಯಲ್ಲಿ ಸಂಡೇ ಸ್ಕೂಲಿನ ಪ್ರತಿ ಮಗುವೂ ಉತ್ತಂಗಿಯವರ ಹೆಸರು ತಿಳಿದು ಬೆಳೆಯಬೇಕು.

ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು. ಬಾಯಿಪಾಠಕ್ಕೆ ಬಹುಮಾನ ಕೊಡುವ ರೂಢಿ ಅತಿಯಾದಾಗ, ಜೋರು ಬಾಯಿಯ ನಾಲ್ಕು ಮಕ್ಕಳೇ ಪ್ರತಿ ವರ್ಷ ವೇದಿಕೆ ಹತ್ತುತ್ತಾರೆ. ಮೆಲುದನಿಯ ಮಗುವಿಗೆ ಕ್ರಿಸ್‌ಮಸ್ ನಾಟಕದಲ್ಲಿ ಕುರಿಯ ಪಾತ್ರವೇ ಗತಿಯಾಗುತ್ತದೆ. ಹೆದರಿಸಿ ಕಲಿಸಿದ ಭಕ್ತಿ ಮುಂದಾಳನ್ನು ಬೆಳೆಸುವುದಿಲ್ಲ, ಅಂಜುಬುರುಕನನ್ನು ಬೆಳೆಸುತ್ತದೆ. ಬೇರೆ ಮನೆಯ ಮಕ್ಕಳು ಗೆಳೆಯರ ಜೊತೆ ಹಾಡು ಕೇಳಿ ಬಂದು ಕುಳಿತರೆ ಅವರ ಅಪ್ಪ ಅವ್ವನಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದೇ ಮುಂದುವರಿಯಬೇಕು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆಯುವ ಶಾಲೆಗಳಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧರ್ಮಬೋಧೆಗೆ ಕೂಡಿಸುವಂತಿಲ್ಲ ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಚರ್ಚಿನ ಕೋಣೆಗೆ ಆ ವಿಧಿ ನೇರವಾಗಿ ಅನ್ವಯಿಸದಿದ್ದರೂ ಅದರ ಆಶಯವನ್ನು ಪಾಲಿಸುವುದು ಸಭೆಯ ಮರ್ಯಾದೆ. ಬಾಗಿಲು ತೆರೆದಿಟ್ಟು, ಓಣಿಯ ಜನ ಕೇಳುವಂತೆ ಕಲಿಸಿದ ಪಾಠಕ್ಕೆ ಯಾರ ಅಂಜಿಕೆಯೂ ಇರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ನವೆಂಬರಿನ ಮೊದಲ ರವಿವಾರ ಹಲವು ಸಭೆಗಳಲ್ಲಿ ಸಂಡೇ ಸ್ಕೂಲ್ ದಿನ. ಅಂದು ಆರಾಧನೆ ಪೂರಾ ಮಕ್ಕಳದು. ಪಾಠ ಓದುವವರು, ಪ್ರಾರ್ಥಿಸುವವರು, ಕಾಣಿಕೆ ಎತ್ತುವವರು ಅವರೇ, ಕೆಲವು ಕಡೆ ಪ್ರಸಂಗ ಹೇಳುವವರೂ ಅವರೇ. ಮೇ ತಿಂಗಳ ರಜೆಯ ಮಕ್ಕಳ ಶಿಬಿರಗಳಲ್ಲಿ ಹದಿನೈದು ಹದಿನಾರರ ಹುಡುಗಿಯರು ಇಪ್ಪತ್ತು ಮಕ್ಕಳ ಗುಂಪನ್ನು ಹಾಡಿಸುತ್ತಾರೆ, ಆಡಿಸುತ್ತಾರೆ, ಊಟಕ್ಕೆ ಸಾಲು ನಿಲ್ಲಿಸುತ್ತಾರೆ, ಜಗಳ ಬಿಡಿಸುತ್ತಾರೆ. ಅಷ್ಟು ನಿಭಾಯಿಸಿದ ಹುಡುಗಿ ಹದಿನೆಂಟು ದಾಟಿದ ಮೇಲೆ ಸಭೆಯ ಕಾರ್ಯಕಾರಿ ಸಮಿತಿಯಲ್ಲಿ ಎಲ್ಲಿದ್ದಾಳೆ? ಹಲವು ಕಡೆ ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾಳೆ, ಇಲ್ಲವೇ ಅಡುಗೆಯ ಉಸ್ತುವಾರಿಗೆ ಸರಿದಿರುತ್ತಾಳೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸಭೆಗಳು ಮುಂದಿನ ಸಮಿತಿ ಆರಿಸುವಾಗ ಈ ಹುಡುಗಿಯರಿಗೆ ಎರಡು ಜಾಗ ಕಾಯ್ದಿಡಲಿ, ಲೆಕ್ಕದ ಪುಸ್ತಕವನ್ನೂ ಅವರ ಕೈಗೇ ಕೊಡಲಿ.