ಆರ್‌ಸಿ ಬಗ್ಗಿ: ಬಿಡಿಭಾಗ ಕೊಳ್ಳುವ ಮುನ್ನ ಹಲ್ಲು ಎಣಿಸಿ

ಬೆಂಗಳೂರು: ರಿಮೋಟ್ ನಿಯಂತ್ರಿತ ಪಂದ್ಯದ ಬಗ್ಗಿಯನ್ನು ಹೊಸದಾಗಿ ಕೊಂಡವರು ಅದರ ನಿಜವಾದ ಬೆಲೆಯನ್ನು ಅರಿಯುವುದು ಮೊದಲ ಬಾರಿಗೆ ಒಂದು ಭಾಗ ಮುರಿದಾಗ. ಕಾರು ಇಟ್ಟಿಗೆಗೆ ಬಡಿದು, ಮುಂದಿನ ಚಕ್ರವನ್ನು ಹಿಡಿದಿರುವ ಪ್ಲಾಸ್ಟಿಕ್ ತೋಳು ತುಂಡಾಗುತ್ತದೆ. ಅಂತರ್ಜಾಲದಲ್ಲಿ '1:10 ಬಗ್ಗಿಯ ತೋಳು' ಎಂಬ ಪೊಟ್ಟಣ ಸಿಗುತ್ತದೆ. ಹಣ ಕಟ್ಟಿ, ವಾರಗಟ್ಟಲೆ ಕಾದು, ಬಿಚ್ಚಿ ಜೋಡಿಸಲು ಹೋದರೆ ರಂಧ್ರಗಳೇ ಕೂಡುವುದಿಲ್ಲ. ಕಾರೂ 1:10, ತೋಳೂ 1:10. ಹಾಗಾದರೆ ತಪ್ಪಿದ್ದೆಲ್ಲಿ?

ತಪ್ಪಿರುವುದು ಆ ಸಂಖ್ಯೆಯನ್ನು ನಾವು ಓದುವ ರೀತಿಯಲ್ಲಿ. 1:10 ಎಂಬುದು ಕಾರಿನ ಒಟ್ಟು ಗಾತ್ರದ ವರ್ಗವೇ ಹೊರತು ಬಿಡಿಭಾಗಗಳ ಅಳತೆಯಲ್ಲ. ಈ ಕ್ರೀಡೆಯ ಜಾಗತಿಕ ಒಕ್ಕೂಟವಾದ ಇಫ್‌ಮಾರ್‌ನ ನಿಯಮದಂತೆ ಈ ವರ್ಗದ ಬಗ್ಗಿಯ ಅಗಲ 250 ಮಿಲಿಮೀಟರ್ ಮೀರಬಾರದು. ಆ ಮಿತಿಯೊಳಗೆ ತೋಳು ಎಷ್ಟುದ್ದ ಇರಬೇಕು, ತಿರುಪು ಎಲ್ಲಿ ಕೂರಬೇಕು ಎಂಬುದು ತಯಾರಕರ ಇಚ್ಛೆ. ಆದುದರಿಂದ ತೋಳು, ಚಾಸಿಸ್, ಗೇರ್‌ಪೆಟ್ಟಿಗೆ ಮುಂತಾದವುಗಳಿಗೆ ಕಂಪನಿ ಮುದ್ರಿಸಿದ ಬಿಡಿಭಾಗ ಸಂಖ್ಯೆಯೇ ಪ್ರಮಾಣ.

ಹಾಗೆಂದು ಯಾವುದೂ ಯಾವುದಕ್ಕೂ ಹೊಂದುವುದಿಲ್ಲವೆಂದು ತಿಳಿಯಬೇಕಿಲ್ಲ. ಈ ಹವ್ಯಾಸಕ್ಕೆ ಒಂದು ಸಾಮಾನ್ಯ ಭಾಷೆಯನ್ನು ಕೊಟ್ಟಿದ್ದು ಜಪಾನಿನ ಮಬುಚಿ ಕಂಪನಿಯ 540 ಮಾದರಿಯ ಮೋಟಾರು. ಸುಮಾರು 36 ಮಿ.ಮೀ. ವ್ಯಾಸ, 3.17 ಮಿ.ಮೀ. ದಪ್ಪದ ದಂಡ, 25 ಮಿ.ಮೀ. ಅಂತರದಲ್ಲಿ ಎರಡು ತಿರುಪಿನ ರಂಧ್ರಗಳು. ಟಮಿಯಾ ಕಂಪನಿ 1984ರಲ್ಲಿ ತಂದ ಹಾರ್ನೆಟ್ ಬಗ್ಗಿಗೂ, ಅದೇ ವರ್ಷ ಅಮೆರಿಕದ ಟೀಮ್ ಅಸೋಸಿಯೇಟೆಡ್ ಬಿಡುಗಡೆ ಮಾಡಿದ ಆರ್‌ಸಿ10 ಬಗ್ಗಿಗೂ ಇದೇ ಗಾತ್ರದ ಮೋಟಾರು ಕೂರುತ್ತಿತ್ತು. ಇಂದಿನ ಬ್ರಶ್‌ರಹಿತ ಮೋಟಾರುಗಳಲ್ಲಿಯೂ ಬಹುಪಾಲು ಅದೇ ಅಳತೆ ಉಳಿದುಕೊಂಡಿದೆ.

ಎಡವಟ್ಟು ಆರಂಭವಾಗುವುದು ಆ ದಂಡಕ್ಕೆ ತೊಡಿಸುವ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರದಲ್ಲಿ. ಅಮೆರಿಕದ ಬಗ್ಗಿಗಳಲ್ಲಿ ಹೆಚ್ಚಾಗಿ 48 ಪಿಚ್ ಹಲ್ಲುಗಳಿದ್ದರೆ, ಟಮಿಯಾದ ಅನೇಕ ಕಾರುಗಳಲ್ಲಿ 0.6 ಮಾಡ್ಯೂಲ್ ಹಲ್ಲುಗಳಿರುತ್ತವೆ. 48 ಪಿಚ್ ಎಂದರೆ ಮಾಡ್ಯೂಲ್ ಲೆಕ್ಕದಲ್ಲಿ ಸುಮಾರು 0.53. ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಕೈಯಲ್ಲಿ ತಿರುಗಿಸಿದರೆ ಎರಡೂ ಕೂಡಿದಂತೆಯೇ ತೋರುತ್ತವೆ. ಮೋಟಾರು ವೇಗ ಹಿಡಿದ ಕೆಲವೇ ನಿಮಿಷಗಳಲ್ಲಿ ಪ್ಲಾಸ್ಟಿಕ್ಕಿನ ದೊಡ್ಡ ಚಕ್ರದ ಹಲ್ಲುಗಳು ಸವೆದು ಪುಡಿಯಾಗುತ್ತವೆ. ಹೊಸಬರು ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಬಹುಶಃ ಇಲ್ಲಿಯೇ. ಪಿನಿಯನ್ ಕೊಳ್ಳುವಾಗ ಹಲ್ಲುಗಳ ಸಂಖ್ಯೆಗಿಂತ ಮೊದಲು ಪಿಚ್ ಯಾವುದೆಂದು ಕೇಳಬೇಕು. ಜೋಡಿಸುವಾಗ ಎರಡು ಚಕ್ರಗಳ ನಡುವೆ ತೆಳುವಾದ ಕಾಗದದ ಪಟ್ಟಿ ಇಟ್ಟು ಬಿಗಿಗೊಳಿಸಿ, ಬಳಿಕ ಕಾಗದವನ್ನು ಹೊರತೆಗೆದರೆ ಬೇಕಾದಷ್ಟೇ ಸಡಿಲ ಉಳಿಯುತ್ತದೆ.

ತಿರುಪುಗಳದ್ದೂ ಇದೇ ಕಥೆ. ಆರ್‌ಸಿ10 ಸಂತತಿಯ ಕಾರುಗಳು ದೀರ್ಘಕಾಲ ಅಂಗುಲ ಪದ್ಧತಿಯ 4-40 ತಿರುಪುಗಳನ್ನು ಬಳಸಿದವು. ಮಿಲಿಮೀಟರ್ ಪದ್ಧತಿಗೆ ಆ ಕಂಪನಿಯ ಬಗ್ಗಿಗಳು ಪೂರ್ಣವಾಗಿ ಹೊರಳಿದ್ದು 2010ರ ದಶಕದಲ್ಲಿ ಬಂದ ಬಿ5 ಮಾದರಿಯೊಂದಿಗೆ. 4-40 ತಿರುಪಿನ ದಪ್ಪ 2.84 ಮಿ.ಮೀ.; ಅಂದರೆ 3 ಮಿ.ಮೀ. ತಿರುಪಿಗೆ ಹತ್ತಿರ, ಆದರೆ ಮರೆಗಳ ಅಂತರ ಬೇರೆ. ಬಲವಂತದಿಂದ ತಿರುಗಿಸಿದರೆ ಅಲ್ಯೂಮಿನಿಯಂ ರಂಧ್ರದ ಮರೆ ಕಿತ್ತುಬರುತ್ತದೆ. ಹಳೆಯ ಕಾರನ್ನು ಅಗ್ಗಕ್ಕೆ ಕೊಳ್ಳುವವರು ಇದನ್ನು ನೆನಪಿನಲ್ಲಿಡುವುದು ಒಳಿತು.

ಚಕ್ರಗಳಲ್ಲಿ ಇಂದು 1:10 ವರ್ಗಕ್ಕೆ 12 ಮಿ.ಮೀ. ಷಟ್ಕೋನ, 1:8 ವರ್ಗಕ್ಕೆ 17 ಮಿ.ಮೀ. ಷಟ್ಕೋನ ರೂಢಿಯಲ್ಲಿದೆ, ಹಳೆಯ ಮಾದರಿಗಳಲ್ಲಿ ಷಟ್ಕೋನವೇ ಇಲ್ಲದಿರಬಹುದು. ಎರಡು ಚಕ್ರ ಚಾಲನೆಯ ಬಗ್ಗಿಯ ಮುಂದಿನ ಟೈರು ನಾಲ್ಕು ಚಕ್ರ ಚಾಲನೆಯದಕ್ಕಿಂತ ಕಿರಿದು. ಚಕ್ರ ತಿರುಗಿಸುವ ಸರ್ವೊ ಮೋಟಾರಿನ ತುದಿಯಲ್ಲಿಯೂ ಹಲ್ಲುಗಳಿವೆ: ಫುಟಾಬಾ ಪದ್ಧತಿಯಲ್ಲಿ 25, ಸಾನ್ವಾ ಪದ್ಧತಿಯಲ್ಲಿ 23, ಹಳೆಯ ಹೈಟೆಕ್ ಸರ್ವೊಗಳಲ್ಲಿ 24. ರೇಡಿಯೊ ವಿಷಯದಲ್ಲಿ ನಮ್ಮವರಿಗೆ ಒಂದು ಸಮಾಧಾನವಿದೆ. 2.4 ಗಿಗಾಹರ್ಟ್ಸ್ ತರಂಗಾಂತರವನ್ನು ಕಡಿಮೆ ಶಕ್ತಿಯ ಉಪಕರಣಗಳಿಗಾಗಿ ಕೇಂದ್ರ ಸರ್ಕಾರ 2005ರಲ್ಲೇ ಪರವಾನಗಿಯಿಂದ ಮುಕ್ತಗೊಳಿಸಿತು. ಆದರೆ ತರಂಗಾಂತರ ಒಂದೇ ಆದರೂ ಪ್ರತಿ ಕಂಪನಿಯ ಸಂಕೇತ ಪದ್ಧತಿ ಬೇರೆ. ಒಬ್ಬರ ರಿಮೋಟು ಇನ್ನೊಬ್ಬರ ರಿಸೀವರ್‌ನೊಂದಿಗೆ ಸಾಮಾನ್ಯವಾಗಿ ಮಾತನಾಡುವುದಿಲ್ಲ.

ಬ್ಯಾಟರಿ: ಇಲ್ಲಿ ತಪ್ಪಿದರೆ ಬೆಂಕಿ

ಉಳಿದೆಡೆ ತಪ್ಪಿದರೆ ಹಣ ಹೋಗುತ್ತದೆ, ಬ್ಯಾಟರಿಯಲ್ಲಿ ತಪ್ಪಿದರೆ ಮನೆಗೇ ಅಪಾಯ. ಆರು ಕೋಶಗಳ ನಿಕಲ್ ಬ್ಯಾಟರಿಯ ಮೇಲೆ 7.2 ವೋಲ್ಟ್ ಎಂದೂ, ಎರಡು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿಯ ಮೇಲೆ 7.4 ವೋಲ್ಟ್ ಎಂದೂ ಬರೆದಿರುತ್ತದೆ. ಎರಡೂ ಒಂದೇ ಗೂಡಿನಲ್ಲಿ ಕೂರಬಹುದು, ಒಂದೇ ಬಗೆಯ ಪ್ಲಗ್ ಇರಬಹುದು. ಆದರೆ ಲಿಥಿಯಂ ಕೋಶವನ್ನು 4.2 ವೋಲ್ಟ್‌ಗಿಂತ ಮೇಲೆ ತುಂಬುವಂತಿಲ್ಲ, 3 ವೋಲ್ಟ್‌ಗಿಂತ ಕೆಳಗೆ ಇಳಿಸುವಂತಿಲ್ಲ. ನಿಕಲ್ ಬ್ಯಾಟರಿಯ ಚಾರ್ಜರ್‌ಗೆ ಸಿಕ್ಕಿಸಿದರೆ ಅದು ಊದಿಕೊಂಡು ಹೊತ್ತಿಕೊಳ್ಳಬಹುದು. ಹಳೆಯ ವೇಗ ನಿಯಂತ್ರಕಗಳಲ್ಲಿ ವೋಲ್ಟೇಜ್ ಇಳಿದಾಗ ಕಾರನ್ನು ನಿಲ್ಲಿಸುವ ವ್ಯವಸ್ಥೆ ಇರುವುದಿಲ್ಲ. ಆದ್ದರಿಂದ ಬ್ಯಾಟರಿ ಬದಲಿಸುವವರು ಚಾರ್ಜರ್ ಮತ್ತು ನಿಯಂತ್ರಕ ಎರಡನ್ನೂ ಜೊತೆಗೇ ಪರಿಶೀಲಿಸಬೇಕು, ಚಾರ್ಜ್ ಆಗುವಾಗ ಹತ್ತಿರವೇ ಇರಬೇಕು.

ಬಿಡಿಭಾಗಕ್ಕಿಂತ ಹೊಂದಿಸುವಿಕೆ

ಕಾರು ತಿರುವಿನಲ್ಲಿ ಜಾರಿದ ಕೂಡಲೇ ಬಣ್ಣದ ಅಲ್ಯೂಮಿನಿಯಂ ಭಾಗಗಳನ್ನು ತರಿಸುವ ಅಭ್ಯಾಸ ಹಲವರಲ್ಲಿದೆ. ಇದು ಹೆಚ್ಚಿನ ಸಂದರ್ಭದಲ್ಲಿ ದುಂದುವೆಚ್ಚ. ಪ್ಲಾಸ್ಟಿಕ್ ತೋಳು ಬಾಗಿ ಹೊಡೆತವನ್ನು ಹೀರಿಕೊಳ್ಳುತ್ತದೆ. ಅಲ್ಯೂಮಿನಿಯಂ ತೋಳು ಅದೇ ಹೊಡೆತವನ್ನು ಒಳಗಿನ ದುಬಾರಿ ಭಾಗಕ್ಕೆ ದಾಟಿಸುತ್ತದೆ. ಕಾರಿನ ಜೊತೆಗೆ ಬಂದಿರುವ ಹೊಂದಾಣಿಕೆಗಳನ್ನೇ ಮೊದಲು ಬಳಸಿ ನೋಡುವುದು ಜಾಣತನ.

ಮೊದಲನೆಯದು ನೆಲದಿಂದ ಕಾರಿನ ಎತ್ತರ. ಬ್ಯಾಟರಿ ಸಮೇತ ಕಾರನ್ನು ಒಂದು ಗೇಣು ಎತ್ತರದಿಂದ ಬಿಟ್ಟು, ಅದು ಕುಳಿತ ಮೇಲೆ ನೋಡಿದಾಗ ಹಿಂಬದಿಯ ಡ್ರೈವ್ ಶಾಫ್ಟ್‌ಗಳು ನೆಲಕ್ಕೆ ಸಮಾನಾಂತರವಾಗಿದ್ದರೆ ಅದು ಉತ್ತಮ ಆರಂಭ. ನಂತರ ಶಾಕ್ ಅಬ್ಸಾರ್ಬರ್‌ಗಳ ಸಿಲಿಕೋನ್ ಎಣ್ಣೆ. ಇಲ್ಲಿಯೂ ಅಳತೆಯ ಗೊಂದಲ ತಪ್ಪಿದ್ದಲ್ಲ. ಶೀಶೆಯ ಮೇಲಿನ 'ವೇಟ್' ಸಂಖ್ಯೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಸೆಂಟಿಸ್ಟೋಕ್ಸ್ ಎಂಬುದು ನಿಜವಾದ ಮಾನ. ಅಸೋಸಿಯೇಟೆಡ್‌ನ 30 ವೇಟ್ ಎಣ್ಣೆ ಸುಮಾರು 350 ಸೆಂಟಿಸ್ಟೋಕ್ಸ್‌ಗೆ ಸಮ. ಬಿಸಿಲೇರಿದಂತೆ ಎಣ್ಣೆ ತೆಳುವಾಗುವುದರಿಂದ ಬೇಸಿಗೆಯಲ್ಲಿ ಒಂದು ಹಂತ ದಪ್ಪನೆಯ ಎಣ್ಣೆ ಬೇಕಾಗಬಹುದು.

ಗೇರ್ ಅನುಪಾತದ ಲೆಕ್ಕ ಸರಳ. ದೊಡ್ಡ ಚಕ್ರದಲ್ಲಿ 81 ಹಲ್ಲು, ಪಿನಿಯನ್‌ನಲ್ಲಿ 27 ಹಲ್ಲು, ಪೆಟ್ಟಿಗೆಯ ಒಳ ಅನುಪಾತ 2.6 ಎಂದಾದರೆ, 81ನ್ನು 27ರಿಂದ ಭಾಗಿಸಿ 2.6ರಿಂದ ಗುಣಿಸಿದರೆ 7.8. ಪಿನಿಯನ್‌ಗೆ ಒಂದು ಹಲ್ಲು ಹೆಚ್ಚಿಸಿದರೆ 7.52. ಗರಿಷ್ಠ ವೇಗ ಏರುತ್ತದೆ, ಜೊತೆಗೆ ಮೋಟಾರಿನ ಶಾಖವೂ. ಒಂದೊಂದೇ ಹಲ್ಲು ಬದಲಿಸಿ, ಪ್ರತಿ ಬಾರಿಯೂ ಐದು ನಿಮಿಷ ಓಡಿಸಿ ಮೋಟಾರು ಎಷ್ಟು ಬಿಸಿಯಾಗಿದೆ ಎಂದು ನೋಡಬೇಕು.

ಮೋಟಾರು ಎಲ್ಲಿರಬೇಕು ಎಂಬುದೂ ಒಂದು ಆಯ್ಕೆಯೇ. ಬಿ5 ಬಗ್ಗಿಯನ್ನು ಕಂಪನಿ ಎರಡು ರೂಪಗಳಲ್ಲಿ ಮಾರಿತ್ತು: ಒಂದರಲ್ಲಿ ಮೋಟಾರು ಹಿಂದಿನ ಅಚ್ಚಿನ ಹಿಂದೆ, ಇನ್ನೊಂದರಲ್ಲಿ ಮುಂದೆ. ಸಡಿಲ ಮಣ್ಣಿನಲ್ಲಿ ಹಿಂದಿನ ಚಕ್ರಗಳಿಗೆ ಭಾರ ಬೇಕು, ಅಲ್ಲಿ ಮೊದಲನೆಯದು ಮೇಲು. ಕಾರ್ಪೆಟ್ ಅಥವಾ ಕೃತಕ ಹುಲ್ಲಿನ ಮೇಲೆ ಹಿಡಿತ ತಾನಾಗಿಯೇ ಸಿಗುವುದರಿಂದ ಎರಡನೆಯದು ಚುರುಕಾಗಿ ತಿರುಗುತ್ತದೆ. ನಮ್ಮ ಖಾಲಿ ನಿವೇಶನದ ಮಣ್ಣಿನಲ್ಲಿ ಓಡಿಸುವವರು ವಿದೇಶಿ ಚಾಂಪಿಯನ್‌ಗಳ ಕಾರ್ಪೆಟ್ ಹೊಂದಾಣಿಕೆಯನ್ನು ಹಾಗೆಯೇ ನಕಲು ಮಾಡಿ ನಿರಾಶರಾಗುವುದು ಇದಕ್ಕೇ.

ಆಟಿಕೆಗಳ ಆಮದು ಸುಂಕವನ್ನು ಕೇಂದ್ರ 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಿತು. ತಪ್ಪು ಪೊಟ್ಟಣವನ್ನು ಹಿಂದಿರುಗಿಸಿ ಮತ್ತೊಂದನ್ನು ತರಿಸುವುದು ಲಾಭದ ಮಾತಲ್ಲ. ಕಾರಿನ ಮಾದರಿಯನ್ನು ಆರಿಸುವ ಮೊದಲೇ ಅದರ ಮುಂದಿನ ತೋಳು ದೇಶದೊಳಗೆ ಸಿಗುವುದೇ ಎಂದು ವಿಚಾರಿಸಿ; ಸಿಗುವುದಾದರೆ ಕಾರಿನ ಜೊತೆಗೇ ಎರಡು ಜೊತೆ ತೋಳು, ಒಂದು ದೊಡ್ಡ ಹಲ್ಲುಚಕ್ರ ತರಿಸಿಟ್ಟುಕೊಳ್ಳಿ.